ಬಳಲಿದ ಕಾವಲು: ಶರೀರದೊಳಗಿನ ಒಂದು ದೀರ್ಘ ಮುತ್ತಿಗೆಯ ಚರಿತ್ರೆ

ಚರಿತ್ರೆಯೆಂದೊಡನೆ ಅರಸರ ವಂಶಾವಳಿ, ಕೋಟೆಗಳ ಮುತ್ತಿಗೆ, ಶಾಸನಗಳ ಕಾಲನಿರ್ಣಯ ಇವುಗಳೇ ನಮ್ಮ ವಿದ್ಯಾರ್ಥಿಗಳ ನೆನಪಿಗೆ ಬರುತ್ತವೆ. ಆದರೆ ಮನುಷ್ಯನ ಶರೀರದೊಳಗೂ ಮುತ್ತಿಗೆಗಳು ನಡೆಯುತ್ತವೆ. ಆ ಮುತ್ತಿಗೆಗಳ ಬಗೆಯನ್ನು ಮನುಷ್ಯನು ಹೇಗೆ ಅರಿತುಕೊಂಡನೆಂಬುದಕ್ಕೂ ಒಂದು ಚರಿತ್ರೆಯುಂಟು. ಅದರ ಒಂದು ಅಧ್ಯಾಯವನ್ನು ವಾಚಕರ ಮುಂದಿಡಲು ನಮ್ಮನ್ನು ಪ್ರೇರಿಸಿದುದು ಎಂಟನೆಯ ತರಗತಿಯ ಒಬ್ಬ ಹುಡುಗಿಯ ಪ್ರಶ್ನೆ.

ರೋಗಗಳ ಪಾಠ ನಡೆದಿತ್ತು. ರಕ್ತದಲ್ಲಿರುವ ಬಿಳಿಯ ಕಣಗಳು ಶರೀರವನ್ನು ಕಾಯುತ್ತವೆಂದು ಪಠ್ಯಪುಸ್ತಕದಲ್ಲಿದ್ದಂತೆ ನಾವು ಹೇಳಿದೆವು. ಹುಡುಗಿ ಎದ್ದು ನಿಂತು, "ಮೇಷ್ಟ್ರೇ, ಅಮ್ಮ ಎದ್ದರೆ ಹದಿನೈದು ದಿನಕ್ಕೆ ಇಳಿದುಹೋಗುತ್ತೆ. ದಡಾರವೂ ಹೋಗುತ್ತೆ. ಎಚ್‌ಐವಿ ಮಾತ್ರ ಯಾಕೆ ಹೋಗೋದಿಲ್ಲ? ಆವಾಗ ಮೈಯೊಳಗಿನ ಕಾವಲುಗಾರರು ಎಲ್ಲಿಗೆ ಹೋಗಿರ್ತಾರೆ?" ಎಂದು ಕೇಳಿದಳು. ನಾವು ಏನೋ ಒಂದು ಉತ್ತರ ಕೊಟ್ಟೆವು. ಅವಳಿಗೆ ಅದು ಸಾಲಲಿಲ್ಲವೆಂಬುದು ಮುಖದಲ್ಲಿಯೇ ಕಾಣುತ್ತಿತ್ತು. ನಿಜಕ್ಕೂ ನಮಗೂ ಸಾಲಲಿಲ್ಲ. ಅಂದು ಕೊಡಲಾಗದ ಉತ್ತರವನ್ನು ಓದಿ, ವಿಚಾರಿಸಿ, ಈಗ ಬರೆಯುತ್ತಿದ್ದೇವೆ.

೧. ಬಂದು ಹೋಗುವ ರೋಗ, ಬಂದು ನಿಲ್ಲುವ ರೋಗ

ನಮ್ಮ ಬೆಟ್ಟದ ಸೀಮೆಯವರಿಗೆ ಬಂದು ಹೋಗುವ ರೋಗದ ಪರಿಚಯ ಹೊಸದಲ್ಲ. ದಿಂಬಂ ಘಟ್ಟದ ೨೭ ತಿರುವುಗಳನ್ನಿಳಿದರೆ ಬುಡದಲ್ಲಿ ಬಣ್ಣಾರಿ ಮಾರಿಯಮ್ಮನ ಗುಡಿ. ಮಾರಿಯನ್ನು ಸಿಡುಬಿನ ದೇವತೆಯೆಂದು ನಮ್ಮ ಹಿರಿಯರು ಪೂಜಿಸಿದರು. ಕೊಂಡ ಹಾಯ್ದರು, ತಂಪೆರೆದರು. ಅವರ ಆಚಾರದ ಹಿಂದೆ ಒಂದು ಖಚಿತವಾದ ಅವಲೋಕನವೂ ಇತ್ತು. ತಾಯಿ ಬಂದವಳು ಒಂದು ಅವಧಿಯ ನಂತರ ಹೊರಟುಹೋಗುತ್ತಾಳೆ. ಒಮ್ಮೆ ಅವಳು ಮುಟ್ಟಿ ಬಿಟ್ಟವನನ್ನು ಮತ್ತೆ ಮುಟ್ಟುವುದು ಅಪೂರ್ವ. ಇಂದಿನ ವೈದ್ಯಶಾಸ್ತ್ರ ರೋಗರಕ್ಷಣೆಯ ನೆನಪು ಎಂದು ಕರೆಯುವುದು ಇದನ್ನೇ.

ಆ ನೆನಪನ್ನು ರೋಗವಿಲ್ಲದೆಯೇ ಶರೀರಕ್ಕೆ ಕೊಡುವ ಉಪಾಯವೇ ದಾಕು ಹಾಕುವುದು. ಇಂಗ್ಲೆಂಡಿನ ಎಡ್ವರ್ಡ್ ಜೆನ್ನರನು ೧೭೯೬ರಲ್ಲಿ ಕಂಡ ಆ ವಿದ್ಯೆ ಹತ್ತು ವರ್ಷ ತುಂಬುವಷ್ಟರಲ್ಲಿ ಮೈಸೂರು ಅರಮನೆಯನ್ನೂ ಮುಟ್ಟಿತ್ತು. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, ರಾಣಿವಾಸದವರೇ ದಾಕು ಹಾಕಿಸಿಕೊಂಡು ಪ್ರಜೆಗಳಿಗೆ ಮೇಲ್ಪಂಕ್ತಿಯಾದರೆಂದು ಚರಿತ್ರಕಾರರು ಬರೆದಿದ್ದಾರೆ. ಸಿಡುಬು ಭಾರತದಲ್ಲಿ ಕಡೆಯ ಬಾರಿ ಕಾಣಿಸಿಕೊಂಡುದು ೧೯೭೫ರಲ್ಲಿ. ಭೂಮಂಡಲದಿಂದಲೇ ಅದು ತೊಲಗಿತೆಂದು ೧೯೮೦ರಲ್ಲಿ ಘೋಷಣೆಯಾಯಿತು.

ಸಿಡುಬು ಹೀಗೆ ಬಂದು ಹೋಗುವ ರೋಗ. ಆದರೆ ಎಲ್ಲ ವೈರಸ್ಸುಗಳ ಸ್ವಭಾವವೂ ಹೀಗಿಲ್ಲ. ಇಂದು ನಮ್ಮ ಮನೆಗಳಲ್ಲಿ 'ಅಮ್ಮ' ಎಂದು ಕರೆಯುವ ಸೀತಾಳೆ ಸಿಡುಬನ್ನೇ ನೋಡಿರಿ. ಗುಳ್ಳೆಗಳು ಒಣಗಿ ಮಗು ಶಾಲೆಗೆ ಬರುತ್ತದೆ. ವೈರಸ್ಸು ಮಾತ್ರ ಹೋಗಿರುವುದಿಲ್ಲ. ಬೆನ್ನುಹುರಿಯ ಬಳಿಯ ನರದ ಗಂಟುಗಳಲ್ಲಿ ಅದು ಮಲಗಿರುತ್ತದೆ. ನಲವತ್ತೈವತ್ತು ವರ್ಷಗಳ ಮೇಲೆ, ಮುಪ್ಪಿನಲ್ಲಿ ಕಾವಲು ಸಡಿಲವಾದಾಗ, ಅದೇ ವೈರಸ್ಸು ನರದ ಗುಂಟ ಹೊರಟು ಸರ್ಪಸುತ್ತಾಗಿ ಏಳುತ್ತದೆ. ಅಜ್ಜನ ಸರ್ಪಸುತ್ತೂ ಮೊಮ್ಮಗಳ ಅಮ್ಮನೂ ಒಂದೇ ವೈರಸ್ಸಿನ ಕೆಲಸವೆಂದರೆ ಹಳ್ಳಿಯಲ್ಲಿ ಈಗಲೂ ಅನೇಕರು ನಂಬುವುದಿಲ್ಲ.

ಸೀತಾಳೆ ಸಿಡುಬಿನ ವೈರಸ್ಸು ಅವಿತು ಮಲಗುತ್ತದೆ. ಇದಕ್ಕಿಂತ ಕಠಿನವಾದ ಮೂರನೆಯ ಬಗೆಯೊಂದಿದೆ. ಆ ವೈರಸ್ಸು ಹೋಗುವುದೂ ಇಲ್ಲ, ಮಲಗುವುದೂ ಇಲ್ಲ. ಹಗಲಿರುಳೂ ಪೀಳಿಗೆಯ ಮೇಲೆ ಪೀಳಿಗೆಯಾಗಿ ಹುಟ್ಟುತ್ತಲೇ ಇರುತ್ತದೆ. ಎಚ್‌ಐವಿ ಆ ಬಗೆಯದು. ಪಿತ್ತಜನಕಾಂಗವನ್ನು ಕೆಡಿಸುವ ಹೆಪಟೈಟಿಸ್ ಬಿ ಮತ್ತು ಸಿ ವೈರಸ್ಸುಗಳೂ ಅನೇಕರಲ್ಲಿ ಹಾಗೆಯೇ ನೆಲಸಿಬಿಡುತ್ತವೆ. ಇಂಥ ವೈರಸ್ಸು ಕಣ್ಣೆದುರಿಗಿದ್ದರೂ ಕಾವಲುಗಾರರು ಏಕೆ ಕೊಲ್ಲುವುದಿಲ್ಲ? ಹುಡುಗಿಯ ಪ್ರಶ್ನೆಯೇ ವಿಜ್ಞಾನಿಗಳ ಪ್ರಶ್ನೆಯೂ ಆಗಿತ್ತು.

೨. ಕಾವಲುಗಾರರು ಪತ್ತೆಯಾದ ಬಗೆ

ಕಾವಲುಗಾರರು ಯಾರೆಂಬುದೇ ೧೯೬೧ರವರೆಗೆ ಸರಿಯಾಗಿ ತಿಳಿದಿರಲಿಲ್ಲ. ಎದೆಯೆಲುಬಿನ ಹಿಂದೆ, ಹೃದಯಕ್ಕಿಂತ ಮೇಲೆ, ಥೈಮಸ್ ಎಂಬ ಒಂದು ಗ್ರಂಥಿಯಿದೆ. ಎಳೆಯರಲ್ಲಿ ಅದು ದೊಡ್ಡದು, ವಯಸ್ಸಾದಂತೆ ಸೊರಗುತ್ತದೆ. ಅದರೊಳಗೆ ಅಸಂಖ್ಯಾತ ಬಿಳಿಯ ಕಣಗಳು ಸಾಯುತ್ತಿದ್ದುದನ್ನು ಕಂಡ ಪಂಡಿತರು ಅದನ್ನು ಕಣಗಳ ಮಸಣವೆಂದು ಎಣಿಸಿ ಸುಮ್ಮನಾಗಿದ್ದರು. ಲಂಡನ್ನಿನಲ್ಲಿ ಇಲಿಮರಿಗಳ ಮೇಲೆ ಪ್ರಯೋಗ ನಡೆಸುತ್ತಿದ್ದ ಜಾಕ್ ಮಿಲ್ಲರ್ ಎಂಬ ತರುಣ ವೈದ್ಯನು, ಹುಟ್ಟಿದೊಡನೆ ಈ ಗ್ರಂಥಿಯನ್ನು ತೆಗೆದುಹಾಕಿದರೆ ಮರಿಗಳು ಸೋಂಕುಗಳಿಗೆ ಸುಲಭವಾಗಿ ತುತ್ತಾಗುತ್ತವೆ, ಬೇರೆ ಇಲಿಯ ಚರ್ಮವನ್ನು ಹೊಲಿದರೂ ಅದನ್ನು ತಳ್ಳಿಹಾಕಲಾರವು ಎಂದು ತೋರಿಸಿದನು. ಮಸಣವೆಂದುಕೊಂಡ ಸ್ಥಳ ನಿಜವಾಗಿ ಗರಡಿಮನೆಯಾಗಿತ್ತು. ಅಲ್ಲಿ ಪಳಗಿ ಹೊರಬರುವ ಕಣಗಳಿಗೆ ಥೈಮಸ್ಸಿನ ಮೊದಲ ಅಕ್ಷರದಿಂದ ಟಿ-ಜೀವಕೋಶಗಳೆಂಬ ಹೆಸರು ನಿಂತಿತು. ಅಲ್ಲಿ ಸಾಯುತ್ತಿದ್ದವು ಆ ಪರೀಕ್ಷೆಯಲ್ಲಿ ತೇರ್ಗಡೆಯಾಗದವು.

ಟಿ-ಜೀವಕೋಶಗಳಲ್ಲಿ ಎರಡು ಮುಖ್ಯ ವರ್ಗಗಳಿವೆ. ಸಿಡಿ-೮ ಎಂಬ ಗುರುತುಳ್ಳವು ವೈರಸ್ಸು ಹೊಕ್ಕ ಜೀವಕೋಶವನ್ನು ಹುಡುಕಿ ಕೊಲ್ಲುತ್ತವೆ. ಸಿಡಿ-೪ ಗುರುತಿನವು ತಾವಾಗಿ ಕೊಲ್ಲುವುದಕ್ಕಿಂತ ಹೆಚ್ಚಾಗಿ ಇತರ ಕಣಗಳಿಗೆ ಅಪ್ಪಣೆಯನ್ನೂ ಪೋಷಣೆಯನ್ನೂ ಒದಗಿಸುತ್ತವೆ. ಮೊದಲನೆಯದು ದಂಡು, ಎರಡನೆಯದು ದಂಡನ್ನು ನಡೆಸುವ ಠಾಣೆ.

ಇವು ಶತ್ರುವನ್ನು ಹೇಗೆ ಗುರುತಿಸುತ್ತವೆ? ಆಸ್ಟ್ರೇಲಿಯದ ಕ್ಯಾನ್‌ಬೆರಾ ನಗರದಲ್ಲಿ ರಾಲ್ಫ್ ಜಿಂಕರ್‌ನಾಗೆಲ್ ಮತ್ತು ಪೀಟರ್ ಡೊಹರ್ಟಿ ಎಂಬವರು ೧೯೭೪ರಲ್ಲಿ ಉತ್ತರ ಹೇಳಿದರು. ಟಿ-ಜೀವಕೋಶವು ವೈರಸ್ಸಿನ ತುಣುಕನ್ನು ಬರಿದಾಗಿ ನೋಡುವುದಿಲ್ಲ. ತನ್ನ ಶರೀರದ್ದೇ ಆದ ಒಂದು ಗುರುತಿನ ತಟ್ಟೆಯಲ್ಲಿ ಆ ತುಣುಕನ್ನು ಇಟ್ಟು ತೋರಿಸಿದಾಗ ಮಾತ್ರ ಕಾಣುತ್ತದೆ. 'ನನ್ನ ಮನೆ, ಆದರೆ ಒಳಗೆ ಕಳ್ಳನಿದ್ದಾನೆ' ಎಂದು ಬಾಗಿಲಲ್ಲೇ ತಿಳಿಯುವ ವ್ಯವಸ್ಥೆಯಿದು. ಇದಕ್ಕಾಗಿ ಅವರಿಬ್ಬರಿಗೂ ೧೯೯೬ರ ನೊಬೆಲ್ ಪಾರಿತೋಷಕ ದೊರೆಯಿತು.

೩. ಇಲಿಯ ವೈರಸ್ಸು

ಕ್ಯಾನ್‌ಬೆರಾದ ಪ್ರಯೋಗಕ್ಕೆ ಬಳಸಿದ ವೈರಸ್ಸಿಗೂ ಒಂದು ಪೂರ್ವಚರಿತ್ರೆಯಿದೆ. ೧೯೩೩ರಲ್ಲಿ ಅಮೆರಿಕದ ಸೇಂಟ್ ಲೂಯಿ ನಗರದಲ್ಲಿ ಮಿದುಳಿನ ಜ್ವರ ಹಬ್ಬಿತು. ಅದರ ಕಾರಣವನ್ನು ಹುಡುಕುತ್ತಿದ್ದ ಚಾರ್ಲ್ಸ್ ಆರ್ಮ್‌ಸ್ಟ್ರಾಂಗ್ ಎಂಬ ಸರಕಾರಿ ವೈದ್ಯನ ಕೈಗೆ ಹುಡುಕದ ಇನ್ನೊಂದು ವೈರಸ್ಸು ಸಿಕ್ಕಿತು. ಅದು ಇಲಿಗಳಲ್ಲಿ ವಾಸಿಸುವಂಥದು. ಎಲ್‌ಸಿಎಂ ವೈರಸ್ ಎಂದು ಸಂಕ್ಷೇಪವಾಗಿ ಕರೆಯುತ್ತಾರೆ. ಕೆಲವು ವರ್ಷಗಳಲ್ಲಿಯೇ ಎರಿಕ್ ಟ್ರೌಬ್ ಎಂಬವನು ಇನ್ನೊಂದು ವಿಚಿತ್ರವನ್ನು ಕಂಡನು. ತಾಯಿಯ ಬಸಿರಿನಲ್ಲಿಯೇ ಈ ಸೋಂಕು ತಗುಲಿದ ಇಲಿಗಳು ಜೀವಮಾನವೆಲ್ಲ ವೈರಸ್ಸನ್ನು ಹೊತ್ತುಕೊಂಡೇ ಬಾಳುತ್ತಿದ್ದವು.

ಇಲ್ಲಿ ನಮ್ಮ ದೇಶದವರೊಬ್ಬರ ಪ್ರವೇಶವಾಗುತ್ತದೆ. ಹೈದರಾಬಾದಿನಲ್ಲಿ ಹುಟ್ಟಿ, ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಓದಿ, ಉನ್ನತ ವ್ಯಾಸಂಗಕ್ಕಾಗಿ ಅಮೆರಿಕಕ್ಕೆ ಹೋದ ರಫಿ ಅಹಮದರು ೧೯೮೪ರಲ್ಲಿ ತಮ್ಮ ಸಹೋದ್ಯೋಗಿಗಳೊಡನೆ ಈ ವೈರಸ್ಸಿನ ಎರಡು ತಳಿಗಳನ್ನು ಪಕ್ಕಪಕ್ಕದಲ್ಲಿಟ್ಟು ತೋರಿಸಿದರು. ಮೂಲ ಆರ್ಮ್‌ಸ್ಟ್ರಾಂಗ್ ತಳಿಯನ್ನು ಬೆಳೆದ ಇಲಿಗೆ ಚುಚ್ಚಿದರೆ ಸುಮಾರು ಒಂದು ವಾರದಲ್ಲಿ ಟಿ-ಜೀವಕೋಶಗಳು ಅದನ್ನು ನಿರ್ಮೂಲ ಮಾಡುತ್ತವೆ. ಅದೇ ವಂಶದ 'ಹದಿಮೂರನೆಯ ಕವಲು' ಎಂಬ ತಳಿಯನ್ನು ಚುಚ್ಚಿದರೆ ತಿಂಗಳುಗಟ್ಟಲೆ ಸೋಂಕು ನಿಲ್ಲುತ್ತದೆ. ಎರಡು ತಳಿಗಳ ನಡುವಣ ವ್ಯತ್ಯಾಸ ಅತ್ಯಲ್ಪ. ಇಲಿ ಒಂದೇ, ವೈರಸ್ಸಿನ ಕುಲ ಒಂದೇ; ಒಂದು ಬಂದು ಹೋಗುತ್ತದೆ, ಇನ್ನೊಂದು ಬಂದು ನಿಲ್ಲುತ್ತದೆ. ಪರೀಕ್ಷೆಗೆ ಇದಕ್ಕಿಂತ ಅನುಕೂಲವಾದ ಜೋಡಿ ಸಿಗಲಾರದು. ಈ ವಿಷಯದ ಮುಂದಿನ ತಿಳಿವಳಿಕೆಯ ಬಹುಭಾಗ ಈ ಜೋಡಿಯಿಂದಲೇ ಬಂದಿತು.

೪. ಮದರಾಸು, ೧೯೮೬

ಇಲಿಯ ಮಾತು ಹೀಗಿರಲಾಗಿ, ಮನುಷ್ಯರಲ್ಲಿ ಹೊಸದೊಂದು ನಿಲ್ಲುವ ರೋಗ ಕಾಣಿಸಿಕೊಂಡಿತ್ತು. ೧೯೮೧ರಲ್ಲಿ ಅಮೆರಿಕದಲ್ಲಿ ಏಡ್ಸ್ ರೋಗದ ಮೊದಲ ವರದಿಗಳು ಬಂದವು. ೧೯೮೩ರಲ್ಲಿ ಪ್ಯಾರಿಸ್ಸಿನ ಫ್ರಾಂಸ್ವಾಸ್ ಬಾರೆ-ಸಿನೂಸಿ, ಲ್ಯೂಕ್ ಮೊಂತಾನ್ಯೆ ಮೊದಲಾದವರು ಅದರ ವೈರಸ್ಸನ್ನು ಬೇರ್ಪಡಿಸಿದರು. ಮರುವರ್ಷವೇ ಇನ್ನೊಂದು ಸಂಗತಿ ಹೊರಬಿದ್ದಿತು: ಈ ವೈರಸ್ಸು ಜೀವಕೋಶದೊಳಗೆ ಹೊಗುವ ಬಾಗಿಲೇ ಸಿಡಿ-೪ ಎಂಬ ಗುರುತು. ಎಂದರೆ, ಉಳಿದ ವೈರಸ್ಸುಗಳು ದಂಡಿನ ಕಣ್ಣುತಪ್ಪಿಸಲು ಯತ್ನಿಸಿದರೆ ಇದು ನೇರವಾಗಿ ಠಾಣೆಗೇ ನುಗ್ಗುತ್ತದೆ.

ಭಾರತದಲ್ಲಿ ಇದು ಇಲ್ಲವೆಂದೇ ಬಹುಮಂದಿ ನಂಬಿದ್ದ ಕಾಲವದು. ಮದರಾಸು ಮೆಡಿಕಲ್ ಕಾಲೇಜಿನಲ್ಲಿ ಸೂಕ್ಷ್ಮಜೀವಿಶಾಸ್ತ್ರದ ಪ್ರಾಧ್ಯಾಪಕಿಯಾಗಿದ್ದ ಡಾ. ಸುನೀತಿ ಸಾಲೊಮನ್ನರು ತಮ್ಮ ಶಿಷ್ಯೆ ಡಾ. ನಿರ್ಮಲಾ ಅವರಿಗೆ ಇದನ್ನೇ ಸಂಶೋಧನೆಯ ವಿಷಯವಾಗಿ ಕೊಟ್ಟರು. ನಿರ್ಮಲಾ ಅವರು ನಗರದಲ್ಲಿ ಸರಕಾರದ ರಕ್ಷಣಾಗೃಹದಲ್ಲಿರಿಸಿದ್ದ ಸ್ತ್ರೀಯರ ರಕ್ತವನ್ನು ಸಂಗ್ರಹಿಸಿದರು. ರಕ್ತದ ತಿಳಿಯನ್ನು ಕಾಪಾಡಲು ಅನುಕೂಲವಿಲ್ಲದೆ ತಮ್ಮ ಮನೆಯ ರೆಫ್ರಿಜಿರೇಟರಿನಲ್ಲಿಯೇ ಇಟ್ಟಿದ್ದರಂತೆ. ಪರೀಕ್ಷೆ ನಡೆದುದು ವೇಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ. ಆರು ಮಾದರಿಗಳು ಹಳದಿ ಬಣ್ಣಕ್ಕೆ ತಿರುಗಿದವು. ಅಮೆರಿಕಕ್ಕೆ ಕಳುಹಿಸಿ ಮತ್ತೆ ಪರೀಕ್ಷಿಸಿದಾಗಲೂ ಅದೇ ಫಲ. ಭಾರತದಲ್ಲಿ ಎಚ್‌ಐವಿ ಇದೆಯೆಂಬುದು ಹೀಗೆ ೧೯೮೬ರಲ್ಲಿ, ನಾವಿರುವ ಈ ರಾಜ್ಯದಲ್ಲಿಯೇ ಸಿದ್ಧವಾಯಿತು.

ಆ ಸ್ತ್ರೀಯರ ಪಾಡನ್ನು ಹೇಳದೆ ಮುಂದೆ ಹೋದರೆ ನಮ್ಮ ಚರಿತ್ರೆ ಅರ್ಧವಾದೀತು. ಸೋಂಕು ಕಂಡಿತೆಂಬ ಕಾರಣಕ್ಕೇ ಮದರಾಸಿನಲ್ಲಿ ಅನೇಕ ಹೆಂಗಸರನ್ನು ಅವಧಿ ಮೀರಿಯೂ ಹಿಡಿದಿಡಲಾಯಿತು; ೧೯೯೦ರಲ್ಲಿ ಉಚ್ಚ ನ್ಯಾಯಾಲಯದ ಅಪ್ಪಣೆಯಿಂದ ಅವರಿಗೆ ಬಿಡುಗಡೆಯಾಯಿತು. ಅವರ ರಕ್ತದಿಂದ ದೇಶಕ್ಕೆ ತಿಳಿವಳಿಕೆ ದೊರೆಯಿತು. ಅವರಿಗೆ ದೊರೆತುದು ಬೀಗ. ಸುನೀತಿ ಸಾಲೊಮನ್ನರು ಇದನ್ನು ಬಲ್ಲವರಾಗಿದ್ದರು. ರೋಗಿಗಳನ್ನು ಮುಟ್ಟಲು ವೈದ್ಯರೇ ಹಿಂಜರಿಯುತ್ತಿದ್ದ ದಿನಗಳಲ್ಲಿ ಅವರು ೧೯೯೩ರಲ್ಲಿ ತಮ್ಮ ತಂದೆಯ ಹೆಸರಿನಲ್ಲಿ ವೈ. ಆರ್. ಗಾಯ್ತೊಂಡೆ ಕೇಂದ್ರವನ್ನು ತೆರೆದು, ೨೦೧೫ರಲ್ಲಿ ತೀರಿಕೊಳ್ಳುವವರೆಗೂ ಆ ಕೆಲಸವನ್ನು ಬಿಡಲಿಲ್ಲ.

೫. ಸತ್ತರೋ, ಬಳಲಿದರೋ?

ಪುನಃ ಇಲಿಗಳ ಕಡೆಗೆ ತಿರುಗೋಣ. ೧೯೯೩ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿದ್ದ ಜಿಂಕರ್‌ನಾಗೆಲ್ಲರ ತಂಡದವರು, ವೈರಸ್ಸು ವಿಪರೀತವಾಗಿ ಹೆಚ್ಚಿದಾಗ ಅದರೊಡನೆ ಕಾದಾಡುವ ಟಿ-ಜೀವಕೋಶಗಳು ಬಳಲಿ ಇಲ್ಲವಾಗುತ್ತವೆಂದು ಪ್ರಕಟಿಸಿದರು. ಹುಡುಗಿಯ 'ಎಲ್ಲಿಗೆ ಹೋಗಿರ್ತಾರೆ' ಎಂಬ ಪ್ರಶ್ನೆಗೆ ಇದು ಒಂದು ಉತ್ತರ: ಕಾವಲುಗಾರರು ಸತ್ತುಹೋಗಿರುತ್ತಾರೆ.

ಆದರೆ ಆಗಿನ ಪರೀಕ್ಷೆಯಲ್ಲಿ ಒಂದು ಕೊರತೆಯಿತ್ತು. ಕೊಲ್ಲುವ ಕೆಲಸವನ್ನು ಅಳೆದು ಕಾವಲುಗಾರರನ್ನು ಎಣಿಸುತ್ತಿದ್ದರು. ಕೆಲಸ ನಿಲ್ಲಿಸಿದವನು ಲೆಕ್ಕಕ್ಕೇ ಬರುತ್ತಿರಲಿಲ್ಲ. ೧೯೯೬ರಲ್ಲಿ ಜಾನ್ ಆಲ್ಟ್‌ಮನ್ ಮೊದಲಾದವರು, ನಿರ್ದಿಷ್ಟ ವೈರಸ್ಸನ್ನು ಬಲ್ಲ ಟಿ-ಜೀವಕೋಶಕ್ಕೆ, ಅದು ಕೆಲಸ ಮಾಡಲಿ ಬಿಡಲಿ, ಅಂಟಿಕೊಂಡು ಹೊಳೆಯುವ ಒಂದು ಗುರುತನ್ನು ಸಿದ್ಧಪಡಿಸಿದರು. ಅದನ್ನು ಹಿಡಿದು ಅಟ್ಲಾಂಟದ ಎಮರಿ ವಿಶ್ವವಿದ್ಯಾಲಯದಲ್ಲಿ ರಫಿ ಅಹಮದರ ತಂಡದವರು ಹದಿಮೂರನೆಯ ಕವಲಿನ ಇಲಿಗಳನ್ನು ನೋಡಿದರು. ೧೯೯೮ರಲ್ಲಿ ಫಲ ಪ್ರಕಟವಾಯಿತು. ಕೆಲವು ಕಾವಲುಗಾರರು ಸತ್ತಿದ್ದುದು ನಿಜ. ಆದರೆ ಇನ್ನು ಕೆಲವರು ಅಲ್ಲಿಯೇ ಇದ್ದರು. ಶತ್ರುವನ್ನು ಗುರುತಿಸುತ್ತಿದ್ದರು, ಕೈ ಮಾತ್ರ ಏಳುತ್ತಿರಲಿಲ್ಲ.

ಇದು ಹೇಗಾಗುತ್ತದೆಂಬುದನ್ನು ತಿಳಿಯಲು ನಮ್ಮ ತಾಳವಾಡಿ ಸೀಮೆಯ ಹೊಲಗಳಿಗೆ ಹೋದರೆ ಸಾಕು. ರಾಗಿ ತೆನೆಗಟ್ಟಿದ ಕಾಲದಲ್ಲಿ ಕಾಡಿನ ಅಂಚಿನ ರೈತನು ಅಟ್ಟಣೆಯ ಮೇಲೆ ಕಾವಲು ಕೂರುತ್ತಾನೆ. ಆನೆ ಒಂದು ರಾತ್ರಿ ಬಂದರೆ ಕೂಗುತ್ತಾನೆ, ತಮಟೆ ಬಡಿಯುತ್ತಾನೆ, ಬೆಂಕಿ ತೋರಿಸುತ್ತಾನೆ. ಆನೆ ಹೋಗುತ್ತದೆ, ಇವನು ಹಗಲು ಮಲಗಿ ಚೇತರಿಸಿಕೊಳ್ಳುತ್ತಾನೆ. ಮುಂದಿನ ಸಲಕ್ಕೆ ಅವನು ಇನ್ನೂ ಚುರುಕು. ಆದರೆ ಆನೆ ಹೋಗದೆ ತಿಂಗಳಿಡೀ ಹೊಲದಲ್ಲಿಯೇ ನಿಂತರೆ? ಮೊದಲು ಅವನ ಗಂಟಲು ಕಟ್ಟುತ್ತದೆ. ಆಮೇಲೆ ತಮಟೆ ಬಡಿಯುವ ತೋಳು ಸೋಲುತ್ತದೆ. ಕೊನೆಗೆ ಪಂಜು ಹಿಡಿಯುವ ಕೈಯೂ ಜೋಲುತ್ತದೆ. ಅವನು ಅಟ್ಟಣೆಯಿಂದ ಇಳಿದು ಓಡಿಲ್ಲ. ಕಣ್ಣು ತೆರೆದೇ ಇದೆ.

ಟಿ-ಜೀವಕೋಶದ ಬಳಲಿಕೆಯೂ ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಬರುತ್ತದೆಂದು ೨೦೦೩ರಲ್ಲಿ ತೋರಿಸಲಾಯಿತು. ಮೊದಲು ಹೋಗುವುದು ಇಂಟರ್‌ಲ್ಯೂಕಿನ್-೨ ಎಂಬ ರಸವನ್ನು ಸ್ರವಿಸುವ ಶಕ್ತಿ. ಟಿ-ಜೀವಕೋಶಗಳು ತಮ್ಮ ಸಂಖ್ಯೆಯನ್ನು ಹೆಚ್ಚಿಸಿಕೊಳ್ಳಲು ಅದು ಬೇಕು. ಅದರ ಹಿಂದೆಯೇ ಟಿಎನ್‌ಎಫ್ ಎಂಬ ರಸ ಬತ್ತುತ್ತದೆ. ಇಂಟರ್‌ಫೆರಾನ್ ಗಾಮಾ ಎಂಬುದು ಎಲ್ಲಕ್ಕಿಂತ ಕೊನೆಗೆ ನಿಲ್ಲುತ್ತದೆ. ವೈರಸ್ಸಿನ ಪ್ರಮಾಣ ಹೆಚ್ಚಿದಷ್ಟೂ, ಅದು ಇರುವ ಕಾಲ ದೀರ್ಘವಾದಷ್ಟೂ ಬಳಲಿಕೆ ಆಳವಾಗುತ್ತದೆ. ಸಿಡಿ-೪ ಕಣಗಳ ಬೆಂಬಲವಿಲ್ಲದ ಸಿಡಿ-೮ ಕಣಗಳು ಬೇಗ ಕುಸಿಯುತ್ತವೆ ಎಂಬುದನ್ನಂತೂ ೧೯೯೪ರಲ್ಲಿಯೇ ಕಂಡಿದ್ದರು.

೬. ಕಡಿವಾಣ

ಬಳಲಿಕೆಯೆಂದರೆ ಬರಿಯ ಶಕ್ತಿಕ್ಷಯವೇ? ಅಲ್ಲವೆಂಬುದು ಇನ್ನೊಂದು ದಿಕ್ಕಿನಿಂದ ತಿಳಿಯಿತು. ಜಪಾನಿನ ಕ್ಯೋಟೊ ನಗರದಲ್ಲಿ ತಾಸುಕು ಹೊಂಜೊ ಅವರ ಪ್ರಯೋಗಶಾಲೆ ೧೯೯೨ರಲ್ಲಿ ಪಿಡಿ-೧ ಎಂಬ ಒಂದು ಅಣುವನ್ನು ಕಂಡುಹಿಡಿದಿತ್ತು. ಅದು ಟಿ-ಜೀವಕೋಶದ ಮೈಮೇಲಿರುವ ಕಡಿವಾಣವೆಂಬುದು ತಿಳಿಯಲು ಕೆಲವು ವರ್ಷಗಳು ಹಿಡಿದವು. ಅದಿಲ್ಲದಂತೆ ಹುಟ್ಟಿಸಿದ ಇಲಿಗಳಲ್ಲಿ ಟಿ-ಜೀವಕೋಶಗಳು ತಮ್ಮ ಶರೀರದ ಮೇಲೆಯೇ ಏರಿಹೋದವು.

೨೦೦೬ರಲ್ಲಿ ರಫಿ ಅಹಮದರ ತಂಡವು ಎರಡು ಎಳೆಗಳನ್ನೂ ಕೂಡಿಸಿತು. ಬಳಲಿದ ಟಿ-ಜೀವಕೋಶಗಳ ಮೈಮೇಲೆ ಪಿಡಿ-೧ ದಟ್ಟವಾಗಿತ್ತು. ಅದಕ್ಕೆ ಅಡ್ಡಿ ಮಾಡುವ ಪ್ರತಿಕಾಯವನ್ನು ಚುಚ್ಚಿದಾಗ ಬಳಲಿದವು ಮತ್ತೆ ಎದ್ದವು, ವೃದ್ಧಿಯಾದವು, ವೈರಸ್ಸು ಇಳಿಯಿತು. ಆದರೆ ಅದೇ ಪ್ರಬಂಧದಲ್ಲಿ ಒಂದು ಎಚ್ಚರಿಕೆಯೂ ಇದೆ. ಕಡಿವಾಣದ ಮತ್ತೊಂದು ತುದಿಯಾದ ಪಿಡಿ-ಎಲ್೧ ಅಣುವೇ ಇಲ್ಲದ ಇಲಿಗಳಿಗೆ ಹದಿಮೂರನೆಯ ಕವಲನ್ನು ಚುಚ್ಚಿದಾಗ ಅವು ಬದುಕಲಿಲ್ಲ. ಕೊಂದುದು ವೈರಸ್ಸಲ್ಲ, ತಡೆಯಿಲ್ಲದ ಕಾವಲು.

ಇಲ್ಲಿ ನಿಂತು ಯೋಚಿಸಬೇಕು. ಹೊಲದ ನಡುವೆ ತಿಂಗಳಿಡೀ ನಿಂತ ಆನೆಯ ಮೇಲೆ ಪ್ರತಿರಾತ್ರಿಯೂ ಬೆಂಕಿ ಎಸೆಯುವ ರೈತನು ಆನೆಗಿಂತ ಮೊದಲು ತನ್ನ ಬೆಳೆಯನ್ನೇ ಸುಟ್ಟುಕೊಂಡಾನು. ಗೆಲ್ಲಲಾಗದ ಯುದ್ಧದಲ್ಲಿ ಮನೆಯನ್ನಾದರೂ ಉಳಿಸಿಕೊಳ್ಳಲು ಶರೀರವು ತನ್ನ ದಂಡಿನ ಕೈಯನ್ನು ತಾನೇ ಹಿಡಿಯುತ್ತದೆ. ಆದುದರಿಂದ ಈ ಸ್ಥಿತಿಯನ್ನು ಕನ್ನಡದಲ್ಲಿ 'ಸೋಲು' ಎನ್ನುವುದು ತಪ್ಪಾಗುತ್ತದೆ. 'ದೌರ್ಬಲ್ಯ' ಎಂಬುದೂ ಪೂರ್ತಿ ಒಪ್ಪುವುದಿಲ್ಲ. 'ಬಳಲಿಕೆ' ಎಂಬ ನಮ್ಮ ಮಾತಿನಲ್ಲಿ ದುಡಿದವನ ದಣಿವಿದೆ, ಮತ್ತೆ ಏಳುವ ಸಾಧ್ಯತೆಯೂ ಇದೆ. ಅಧ್ಯಾಪಕ ಮಿತ್ರರು ಈ ಶಬ್ದವನ್ನು ತರಗತಿಯಲ್ಲಿ ಬಳಸಬಹುದೆಂದು ನಮ್ಮ ಸೂಚನೆ.

ಮತ್ತೆ ಏಳುವವರು ಯಾರೆಂಬುದು ೨೦೧೬ರಲ್ಲಿ ಇನ್ನೂ ಸ್ಪಷ್ಟವಾಯಿತು. ಬಳಲಿದ ದಂಡಿನಲ್ಲಿ ಎಲ್ಲರೂ ಸಮಾನರಲ್ಲ. ದುಗ್ಧಗ್ರಂಥಿಗಳಲ್ಲಿಯೂ ಗುಲ್ಮದಲ್ಲಿಯೂ ಒಂದು ಚಿಕ್ಕ ಗುಂಪು ಬಿತ್ತನೆಯ ಕಾಳಿನಂತೆ ಉಳಿದಿರುತ್ತದೆ. ಕಡಿವಾಣ ಸಡಿಲಿಸಿದಾಗ ವೃದ್ಧಿಯಾಗುವುದು ಈ ಗುಂಪೇ. ಪೂರ್ತಿ ಬಳಲಿದವು ಏಳಲಾರವು. ೨೦೧೯ರಲ್ಲಿ ಹಲವು ತಂಡಗಳು ಟಾಕ್ಸ್ ಎಂಬ ಒಂದು ಅಣುವು ಬಳಲಿಕೆಯ ಈ ಸ್ಥಿತಿಯನ್ನು ಜೀವಕೋಶದ ಕೇಂದ್ರದಲ್ಲಿಯೇ ಅಚ್ಚೊತ್ತುತ್ತದೆಂದು ತೋರಿಸಿದವು. ಆ ಅಚ್ಚು ಸುಲಭವಾಗಿ ಅಳಿಯುವುದಿಲ್ಲ. ಹೆಪಟೈಟಿಸ್ ಸಿ ರೋಗವನ್ನು ಈಗ ಕೆಲವು ತಿಂಗಳ ಗುಳಿಗೆಗಳಿಂದಲೇ ನಿರ್ಮೂಲ ಮಾಡಬಹುದು. ಹಾಗೆ ಗುಣವಾದವರ ಟಿ-ಜೀವಕೋಶಗಳನ್ನು ಪರೀಕ್ಷಿಸಿದಾಗ, ಅವು ಭಾಗಶಃ ಚೇತರಿಸಿಕೊಂಡಿದ್ದರೂ ಬಳಲಿಕೆಯ ಗಾಯದ ಕಲೆಗಳು ಉಳಿದಿದ್ದುದು ೨೦೨೧ರಲ್ಲಿ ಕಂಡುಬಂದಿತು.

೭. ಈ ತಿಳಿವಳಿಕೆಯಿಂದ ಬಂದ ಫಲ

ಪಿಡಿ-೧ ಕಡಿವಾಣವನ್ನು ಸಡಿಲಿಸುವ ಔಷಧಗಳು ೨೦೧೪ರಿಂದೀಚೆಗೆ ಕೆಲವು ಬಗೆಯ ಕ್ಯಾನ್ಸರಿಗೆ ಬಳಕೆಗೆ ಬಂದಿವೆ. ಅರ್ಬುದವೂ ಟಿ-ಜೀವಕೋಶಗಳನ್ನು ಹೀಗೆಯೇ ಬಳಲಿಸುತ್ತದೆ. ಹೊಂಜೊ ಅವರಿಗೂ, ಇಂಥದೇ ಇನ್ನೊಂದು ಕಡಿವಾಣವನ್ನು ಅಭ್ಯಸಿಸಿದ ಜೇಮ್ಸ್ ಆಲಿಸನ್ನರಿಗೂ ೨೦೧೮ರ ನೊಬೆಲ್ ಪಾರಿತೋಷಕ ಸಂದಿತು. ಇಲಿಯ ವೈರಸ್ಸಿನ ಕುತೂಹಲ ಕ್ಯಾನ್ಸರಿನ ರೋಗಿಗೂ ಉಪಕಾರವಾಯಿತು.

ಎಚ್‌ಐವಿಯ ವಿಷಯದಲ್ಲಿ ದಾರಿ ಬೇರೆ. ೨೦೦೬ರಲ್ಲಿಯೇ ದಕ್ಷಿಣ ಆಫ್ರಿಕದ ಡರ್ಬನ್ ನಗರದ ರೋಗಿಗಳ ರಕ್ತವನ್ನು ಪರೀಕ್ಷಿಸಿದವರು, ರಕ್ತದಲ್ಲಿ ವೈರಸ್ಸು ಹೆಚ್ಚಿದಷ್ಟೂ ಟಿ-ಜೀವಕೋಶಗಳ ಮೇಲೆ ಪಿಡಿ-೧ ಹೆಚ್ಚಿರುವುದನ್ನೂ, ಸಿಡಿ-೪ ಕಣಗಳು ಕಡಿಮೆಯಿರುವುದನ್ನೂ ಕಂಡರು. ಅಲ್ಲಿ ಹಬ್ಬಿರುವುದು ಎಚ್‌ಐವಿಯ 'ಸಿ' ಉಪಕುಲ. ಭಾರತದಲ್ಲಿ ಬಹುಪಾಲು ಇರುವುದೂ ಅದೇ. ಹುಡುಗಿಯ ಪ್ರಶ್ನೆಗೆ ಪೂರ್ಣವಾದ ಉತ್ತರ ಇಲ್ಲಿದೆ. ಎಚ್‌ಐವಿ ಎರಡು ಕಡೆಯಿಂದ ಮುತ್ತುತ್ತದೆ. ಅಪ್ಪಣೆ ಕೊಡುವ ಸಿಡಿ-೪ ಕಣಗಳನ್ನು ನಾಶಮಾಡುತ್ತದೆ. ಕೊಲ್ಲಬೇಕಾದ ಸಿಡಿ-೮ ಕಣಗಳನ್ನು ಎಡೆಬಿಡದೆ ಕಾಡಿ ಬಳಲಿಸುತ್ತದೆ. ಸಾಲದುದಕ್ಕೆ ಮಾತುಮಾತಿಗೆ ವೇಷ ಬದಲಿಸುತ್ತದೆ. ಕೆಲವು ಸಿಡಿ-೪ ಕಣಗಳ ಒಳಗೆ ಸದ್ದಿಲ್ಲದೆ ಹುದುಗಿಯೂ ಇರುತ್ತದೆ. ಆರೋಗ್ಯವಂತನ ರಕ್ತದ ಒಂದು ಘನ ಮಿಲಿಮೀಟರಿನಲ್ಲಿ ಸಾಮಾನ್ಯವಾಗಿ ೫೦೦ಕ್ಕೆ ಮೇಲ್ಪಟ್ಟು ಇರುವ ಸಿಡಿ-೪ ಕಣಗಳು, ಚಿಕಿತ್ಸೆಯಿಲ್ಲದೆ ವರ್ಷಗಳುರುಳಿದಂತೆ ೨೦೦ಕ್ಕಿಂತ ಕೆಳಗಿಳಿದಾಗ ಏಡ್ಸ್ ಎನ್ನುತ್ತಾರೆ. ಆಗ ಕ್ಷಯದಂಥ ರೋಗಗಳಿಗೆ ಹೆಬ್ಬಾಗಿಲು ತೆರೆದಂತೆಯೇ.

ಹಾಗಾದರೆ ಉಪಾಯವೇನು? ಕಾವಲುಗಾರನನ್ನು ಬೈಯುವುದರಿಂದ ಫಲವಿಲ್ಲ. ಆನೆಯನ್ನು ಹೊಲದಿಂದ ಅಟ್ಟಬೇಕು. ೧೯೯೬ರಿಂದ ಬಳಕೆಗೆ ಬಂದ ಮೂರು ಔಷಧಗಳ ಕೂಟ ಈ ಕೆಲಸ ಮಾಡುತ್ತದೆ. ವೈರಸ್ಸಿನ ವೃದ್ಧಿಯನ್ನು ಅದು ತಡೆಯುತ್ತದೆ; ಕಾವಲಿಗೆ ಬಿಡುವು ಸಿಗುತ್ತದೆ; ಸಿಡಿ-೪ ಕಣಗಳ ಸಂಖ್ಯೆ ಏರುತ್ತದೆ. ಹುದುಗಿದ ವೈರಸ್ಸನ್ನು ಈ ಔಷಧ ಕೀಳಲಾರದು. ಆದುದರಿಂದಲೇ ಅದನ್ನು ಬಿಡದೆ ಸೇವಿಸಬೇಕು. ಮೊದಮೊದಲು ಅದರ ಬೆಲೆ ಬಡದೇಶಗಳ ಕೈಗೆ ಎಟುಕುವಂತಿರಲಿಲ್ಲ. ೨೦೦೧ರಲ್ಲಿ ಮುಂಬಯಿಯ ಸಿಪ್ಲಾ ಸಂಸ್ಥೆ ದಿನಕ್ಕೆ ಒಂದು ಡಾಲರಿಗಿಂತ ಕಡಿಮೆ ಬೆಲೆಗೆ ಕೊಡುವುದಾಗಿ ಹೇಳಿದಾಗ ಲೋಕವೇ ಬೆರಗಾಯಿತು. ೨೦೦೪ರ ಏಪ್ರಿಲ್ ೧ರಿಂದ ಭಾರತ ಸರಕಾರವು ಆಯ್ದ ಎಂಟು ಆಸ್ಪತ್ರೆಗಳಲ್ಲಿ ಉಚಿತವಾಗಿ ಕೊಡಲಾರಂಭಿಸಿತು. ಹಳೆಯ ಕ್ಷಯರೋಗದ ಆರೋಗ್ಯಧಾಮವಾದ ತಾಂಬರಂ ಅವುಗಳಲ್ಲಿ ಒಂದು. ೨೦೧೭ರಿಂದ ಸಿಡಿ-೪ ಎಷ್ಟಿದ್ದರೂ ಸರಿಯೆ, ಸೋಂಕು ಗೊತ್ತಾದ ಎಲ್ಲರಿಗೂ ಔಷಧ ಕೊಡುವ ನೀತಿ ಬಂದಿದೆ. ಇದರ ಹಿಂದಿನ ತರ್ಕ ಈಗ ವಾಚಕರಿಗೆ ಸುಲಭವಾಗಿ ತಿಳಿದೀತು: ಬಳಲಿಕೆ ಆಳವಾಗುವ ಮುಂಚೆಯೇ ಬಿಡುವು ಕೊಟ್ಟರೆ ಬಿತ್ತನೆಯ ಕಾಳು ಹೆಚ್ಚು ಉಳಿಯುತ್ತದೆ, ಕಲೆ ಕಡಿಮೆಯಾಗುತ್ತದೆ.

ಇನ್ನೊಂದು ಮಾತು. ಔಷಧವನ್ನು ಕ್ರಮವಾಗಿ ಸೇವಿಸಿ, ಪರೀಕ್ಷೆಯಲ್ಲಿ ಕಾಣದಷ್ಟು ವೈರಸ್ಸು ಇಳಿದ ಸ್ಥಿತಿಯನ್ನು ಕಾಯ್ದುಕೊಂಡವರಿಂದ ದಾಂಪತ್ಯದ ಮೂಲಕ ರೋಗ ಹರಡುವುದಿಲ್ಲವೆಂಬುದು ಇಂದು ಸ್ಥಿರಪಟ್ಟಿದೆ. ಜೊತೆಯಲ್ಲಿ ಕೂತು ಉಣ್ಣುವುದರಿಂದ, ಒಂದೇ ಬೆಂಚಿನಲ್ಲಿ ಕೂತು ಓದುವುದರಿಂದ ಅದು ಎಂದೂ ಹರಡಿಲ್ಲ. ೨೦೧೭ರ ಕೇಂದ್ರ ಕಾನೂನು, ೨೦೧೮ರ ಸೆಪ್ಟೆಂಬರಿನಿಂದ ಜಾರಿಗೆ ಬಂದುದು, ಶಾಲೆಯಲ್ಲಿಯೂ ಉದ್ಯೋಗದಲ್ಲಿಯೂ ಆಸ್ಪತ್ರೆಯಲ್ಲಿಯೂ ಇಂಥವರನ್ನು ಭೇದದಿಂದ ಕಾಣುವುದನ್ನು ನಿಷೇಧಿಸಿದೆ.

೮. ಮುಗಿಸುವ ಮುನ್ನ

ಪಣಕಹಳ್ಳಿಯಿಂದ ಒಂದು ದಾರಿ ಘಟ್ಟವಿಳಿದು ಸತ್ಯಮಂಗಲಕ್ಕೆ ಹೋಗುತ್ತದೆ, ಮತ್ತೊಂದು ಚಾಮರಾಜನಗರಕ್ಕೆ. ಎರಡೂ ದಾರಿಗಳಲ್ಲಿ ನಮ್ಮ ಜನ ಕೂಲಿಗೆ, ವ್ಯಾಪಾರಕ್ಕೆ, ಆಸ್ಪತ್ರೆಗೆ ಹೋಗಿಬರುತ್ತಾರೆ. ರೋಗವೂ ಅದೇ ದಾರಿಗಳಲ್ಲಿ ಬರುತ್ತದೆ. ಔಷಧವೂ ಅವುಗಳಲ್ಲಿಯೇ ಬರಬೇಕು. ತಿಳಿವಳಿಕೆ ಮಾತ್ರ ನಮ್ಮ ನುಡಿಯಲ್ಲಿ ನಮ್ಮ ಶಾಲೆಯಿಂದಲೇ ಹೊರಡಬೇಕಾಗಿದೆ. ಆಸ್ಪತ್ರೆಯ ಚೀಟಿ ಯಾವ ಭಾಷೆಯಲ್ಲಿದ್ದರೂ, ಅದನ್ನು ಮನೆಯಲ್ಲಿ ತಾಯಿಗೆ ಕನ್ನಡದಲ್ಲಿ ವಿವರಿಸುವವರು ನಮ್ಮ ಮಕ್ಕಳೇ.

ಈ ಬರಹವನ್ನು ಸಿದ್ಧಪಡಿಸಿದ ಮೇಲೆ ಅದೇ ತರಗತಿಯಲ್ಲಿ ಓದಿ ಹೇಳಿದೆವು. ಅಟ್ಟಣೆಯ ಕಾವಲುಗಾರನ ಮಾತು ಬಂದಾಗ ಹುಡುಗರು ನಕ್ಕರು. ಅನೇಕರ ಮನೆಯಲ್ಲಿ ಅಪ್ಪನೋ ಅಣ್ಣನೋ ಹಿಂದಿನ ರಾತ್ರಿ ಕಾವಲಿಗೆ ಹೋಗಿದ್ದವರೇ. ಪ್ರಶ್ನೆ ಕೇಳಿದ ಹುಡುಗಿ ನಗಲಿಲ್ಲ. ಪಾಠ ಮುಗಿದ ಮೇಲೆ ಹೊರಗೆ ಬಂದು, "ಹಾಗಾದ್ರೆ ಮೇಷ್ಟ್ರೇ, ಮಾತ್ರೆ ಬಿಡದೆ ತಗೊಂಡರೆ ಕಾವಲುಗಾರರು ಏಳ್ತಾರೆ ಅಲ್ವಾ?" ಎಂದಳು. ಏಳುತ್ತಾರೆ, ಎಲ್ಲರೂ ಅಲ್ಲದಿದ್ದರೂ ಸಾಕಷ್ಟು ಮಂದಿ ಏಳುತ್ತಾರೆ ಎಂದು ನಾವು ಹೇಳಿದೆವು. ಯಾರಿಗಾಗಿ ಕೇಳಿದಳೆಂದು ನಾವು ವಿಚಾರಿಸಲಿಲ್ಲ. ಅವಳು ತಲೆಯಾಡಿಸಿ, ಚೀಲ ಹೆಗಲಿಗೇರಿಸಿಕೊಂಡು ಮನೆಯ ಕಡೆಗೆ ಹೊರಟಳು.